ಹಿತ್ತಲಲ್ಲೇ ಆರತಕ್ಷತೆ: ಅಜ್ಜಿಯ ಸೀರೆ, ಮಾವಿನ ಎಲೆ, ಒಂದಿಷ್ಟು ಬೆಳಕು

ಕಳೆದ ಮೇ ತಿಂಗಳಲ್ಲಿ ತಂಗಿಯ ಆರತಕ್ಷತೆಯನ್ನು ಧಾರವಾಡದ ನಮ್ಮ ಮನೆಯ ಹಿತ್ತಲಲ್ಲೇ ಮಾಡಿದೆವು. ಬೆಳಿಗ್ಗೆ ಗುಡಿಯಲ್ಲಿ ಅಕ್ಷತೆ, ಸಂಜೆ ಮನೆಯಲ್ಲಿ ಊಟ. ಸುಮಾರು 150 ಮಂದಿ ಬರುವವರಿದ್ದರು. ಡೆಕೊರೇಷನ್‌ನವರನ್ನು ವಿಚಾರಿಸಿದಾಗ ಬರೀ ಸ್ಟೇಜಿಗೆ ಹೇಳಿದ ರೇಟು ಕೇಳಿ ಅಪ್ಪ ಸುಮ್ಮನಾಗಿಬಿಟ್ಟರು. ಆಗ ನಾವೇ ಮಾಡೋಣ ಅಂತ ಕೂತೆವು. ಕುರ್ಚಿ ಮತ್ತು ಊಟ ಬಿಟ್ಟು ಸಿಂಗಾರಕ್ಕೆ ಆದ ಒಟ್ಟು ಖರ್ಚು 10,500 ರೂಪಾಯಿ. ಅದರಲ್ಲಿ ಪೆಂಡಾಲ್ ಬಾಡಿಗೆ 4,500, ಹೂವು 2,800, ದೀಪ ಮತ್ತು ವೈರು 2,000, ಬಿದಿರು, ಸುತಳಿ, ಕ್ಲಿಪ್ಪು 900, ಬಾಳೆಕಂಬ 300. ಉಳಿದದ್ದೆಲ್ಲ ಮನೆಯದು, ಇಲ್ಲವೇ ಬಂಧುಗಳ ಮನೆಯಿಂದ ಕೇಳಿ ತಂದದ್ದು.

ನೀವೂ ಹೀಗೆ ಮಾಡುವ ಯೋಚನೆಯಲ್ಲಿದ್ದರೆ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಇಡೀ ಹಿತ್ತಲನ್ನು ಸಿಂಗರಿಸಲು ಹೋಗಬೇಡಿ. ಎರಡೇ ಜಾಗ ಹಿಡಿಯಿರಿ: ಬೀಗರು ಒಳಗೆ ಕಾಲಿಡುವ ಬಾಗಿಲು ಮತ್ತು ಮದುಮಕ್ಕಳು ಕೂರುವ ಜಾಗ. ಹೂವು, ದುಡ್ಡು, ಕೈಕೆಲಸ ಎಲ್ಲಾ ಅಲ್ಲಿ ಹಾಕಿ. ಉಳಿದ ಕಡೆ ಸ್ವಚ್ಛವಾಗಿ ಗುಡಿಸಿ, ಚೆನ್ನಾಗಿ ಬೆಳಕು ಕೊಟ್ಟರೆ ಸಾಕು. ಎಲ್ಲಾ ಕಡೆ ಚೂರು ಚೂರು ಹೂವು ಕಟ್ಟಿದರೆ ದುಡ್ಡೂ ಹೋಗುತ್ತದೆ, ಕಣ್ಣಿಗೂ ಏನೂ ನಿಲ್ಲುವುದಿಲ್ಲ.

ಹದಿನೈದು ದಿನ ಮೊದಲು

ಕಾರ್ಯಕ್ರಮ ಸಂಜೆ ಇದ್ದರೆ ಸಂಜೆ 7 ಗಂಟೆಗೆ ಹಿತ್ತಲಿಗೆ ಹೋಗಿ ಒಂದು ಕುರ್ಚಿ ಹಾಕಿಕೊಂಡು ಕೂರಿ. ಹಗಲಲ್ಲಿ ಕಾಣುವುದೇ ಬೇರೆ, ಆಗ ಕಾಣುವುದೇ ಬೇರೆ. ಮದುಮಕ್ಕಳು ಎಲ್ಲಿ ಕೂತರೆ ಹಿಂದೆ ಏನು ಕಾಣುತ್ತದೆ, ಅಡುಗೆಯ ಹೊಗೆ ಯಾವ ಕಡೆ ಹೋಗುತ್ತದೆ, ಕರೆಂಟ್ ಎಲ್ಲಿಂದ ಎಳೆಯಬೇಕು, ಇದೆಲ್ಲ ಅಲ್ಲೇ ಕೂತು ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮಲ್ಲಿ ಒಂದು ದೊಡ್ಡ ಬೇವಿನ ಮರ ಇದೆ. ಅದನ್ನೇ ಬೆನ್ನಿಗೆ ಇಟ್ಟುಕೊಂಡು ಆಸನದ ಜಾಗ ಗುರುತು ಮಾಡಿದೆವು.

ಮುಚ್ಚಬೇಕಾದದ್ದು ಎಲ್ಲರ ಹಿತ್ತಲಲ್ಲೂ ಇರುತ್ತದೆ. ಪ್ಲಾಸ್ಟರ್ ಇಲ್ಲದ ಕಂಪೌಂಡು, ನೀರಿನ ಟ್ಯಾಂಕು, ಬಟ್ಟೆ ಒಗೆಯುವ ಕಲ್ಲು. ಟ್ಯಾಂಕಿನ ಸುತ್ತ ಜೋಳದ ಕಣಿಕಿಯನ್ನು (ತೆನೆ ತೆಗೆದ ಒಣ ದಂಟು) ಒತ್ತಾಗಿ ನಿಲ್ಲಿಸಿ ಎರಡು ಕಡೆ ಸುತಳಿ ಬಿಗಿದೆವು, ಹೊಲದ ಕಡೆಯವರಿದ್ದರೆ ಅದು ಸುಮ್ನೆ ಸಿಗುತ್ತದೆ. ಆದರೆ ಒಣ ಕಣಿಕಿಗೆ ಬೆಂಕಿ ಬೇಗ ಹತ್ತುತ್ತದೆ, ಒಲೆ ಮತ್ತು ಹಣತೆ ಅದರ ಹತ್ತಿರ ಬೇಡವೇ ಬೇಡ. ಒಗೆಯುವ ಕಲ್ಲನ್ನು ತಿಕ್ಕಿ ತೊಳೆದು ಅದರ ಮೇಲೆ ತಾಮ್ರದ ಹಂಡೆ ಇಟ್ಟೆವು, ಕುಡಿಯುವ ನೀರಿನ ಜಾಗ ಅದೇ ಆಯಿತು.

ಹಂದರ

ನಮ್ಮ ಕಡೆ ಏಪ್ರಿಲ್, ಮೇ ಅಂದರೆ ಸಂಜೆ ಹೊತ್ತು ಗಾಳಿ, ಗುಡುಗು, ಮಳೆ ಯಾವಾಗ ಬರುತ್ತದೋ ಹೇಳಲಾಗದು. ಅದಕ್ಕೇ ಹಂದರದ ಮೇಲೆ ಮಾತ್ರ ದುಡ್ಡು ಉಳಿಸಬೇಡಿ, ಬಾಡಿಗೆಗೆ ತಂದು ಅವರಿಂದಲೇ ಹಾಕಿಸಿ. ಒಂದು ಕಡೆಯ ಕಂಬ 11 ಅಡಿ, ಇನ್ನೊಂದು ಕಡೆಯದು 9 ಅಡಿ ಇರಲಿ ಅಂತ ಹೇಳಿ. ಇಳಿಜಾರು ಇದ್ದರೆ ನೀರು ಹರಿದು ಹೋಗುತ್ತದೆ. ಇಲ್ಲದಿದ್ದರೆ ಬಟ್ಟೆ ನಡುವೆ ಹೊಟ್ಟೆಯಂತೆ ಜೋತು ಬಿದ್ದು ನೀರು ನಿಲ್ಲುತ್ತದೆ. ನಾಲ್ಕೂ ಕಡೆ ಬಟ್ಟೆ ಕಟ್ಟಿಸಬೇಡಿ, ಗಾಳಿ ಆಡಲು ದಾರಿ ಬೇಕು. ಗದಗ, ನವಲಗುಂದ ಕಡೆಯ ಎರೆ ಮಣ್ಣಿನ ಹಿತ್ತಲಾದರೆ ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಕಂಬಕ್ಕೆ 2 ಅಡಿ ಗುಂಡಿ ತೆಗೆದು, ಕಲ್ಲು ತುಂಬಿ ಗುದ್ದಿಸಿ.

ಸೀರೆಯ ಪರದೆ

ಮದುಮಕ್ಕಳ ಹಿಂದಿನ ಪರದೆಗೇ ಜನ ಎಲ್ಲಕ್ಕಿಂತ ಜಾಸ್ತಿ ಖರ್ಚು ಮಾಡುತ್ತಾರೆ. ನಮಗೆ ಅಲ್ಲಿ ಒಂದು ರೂಪಾಯಿಯೂ ಆಗಲಿಲ್ಲ. ಅಜ್ಜಿಯ ಎರಡು ಇಳಕಲ್ ಸೀರೆ, ದೊಡ್ಡವ್ವನದೊಂದು, ಸೋದರತ್ತೆಯದೊಂದು, ಒಟ್ಟು ನಾಲ್ಕು ಸೀರೆ. ಹಳೇ ಸೀರೆ, ಹಾಳಾದರೆ ಏನು ಗತಿ ಅಂತ ನಾನು ಹಿಂದೆಮುಂದೆ ನೋಡಿದೆ. ಅಜ್ಜಿಯೇ ಪೆಟ್ಟಿಗೆ ತೆಗೆದು, "ಇಟ್ಟಿಟ್ಟು ಏನ್ ಮಾಡೂದೈತಿ, ಮೊಮ್ಮಗಳ ಲಗ್ನಕ್ಕಿಲ್ಲದ್ದು ಇನ್ಯಾವಾಗ? ಹೊರಗ ತಗಿ" ಅಂದರು.

ಲೆಕ್ಕ ಸುಲಭ. ಆರು ಗಜದ ಸೀರೆ ಅಂದರೆ 18 ಅಡಿ ಉದ್ದ. ನಡುವೆ ಮಡಚಿ ಗಳದ ಮೇಲೆ ಹಾಕಿದರೆ ಎರಡೂ ಕಡೆ 9 ಅಡಿ ಇಳಿಬೀಳುತ್ತದೆ. ಅಗಲ ನಾಲ್ಕು ಅಡಿಗೆ ತುಸು ಕಡಿಮೆ ಅನ್ನಿ, ನಾಲ್ಕು ಸೀರೆಗೆ ಸಣ್ಣ ನೆರಿಗೆ ಬಿಟ್ಟು 12 ಅಡಿ ಅಗಲದ ಪರದೆ ಆರಾಮಾಗಿ ಆಗುತ್ತದೆ. ಸೆರಗು ಮುಂದಕ್ಕೆ ಬರುವ ಹಾಗೆ ಹಾಕಿ. ಇಳಕಲ್ ಸೀರೆಯ ಚಂದ ಇರುವುದೇ ಕೆಂಪಿನ ನಡುವೆ ಬಿಳಿ ವಿನ್ಯಾಸ ಇರುವ ಆ ತೋಪುತೆನೆ ಸೆರಗಿನಲ್ಲಿ. ನಾಲ್ಕು ಸೀರೆಯ ಮೈಬಣ್ಣ ಬೇರೆ ಬೇರೆ ಇದ್ದರೂ ಕೆಳಗೆ ಕೆಂಪು ಸೆರಗು ಸಾಲಾಗಿ ಬಂದಾಗ ಒಂದೇ ಪರದೆಯ ಹಾಗೆ ಕಂಡಿತು. ಧಾರವಾಡದ ಕಸೂತಿ ಹಾಕಿದ ಸೀರೆ ಮನೆಯಲ್ಲಿದ್ದರೆ ಅದನ್ನು ನಡುವೆ ಹಾಕಿ. ತೇರು, ಗೋಪುರ, ಆನೆ, ನವಿಲು ಎಲ್ಲಾ ಹತ್ತಿರ ಬಂದವರಿಗೆ ಕಾಣಲಿ.

ಈಗ ಜೋಪಾನದ ವಿಷಯ. ಬಿದಿರಿನ ಗಳಕ್ಕೆ ಸಿಬಿರು ಇರುತ್ತದೆ, ಸೀರೆ ಒಂದು ಸಲ ಸಿಕ್ಕಿಕೊಂಡರೆ ಎಳೆ ಕಿತ್ತು ಬರುತ್ತದೆ. ಮೊದಲು ಗಳದ ಮೇಲೆ ಕೈ ಆಡಿಸಿ ನೋಡಿ, ಆಮೇಲೆ ಹಳೇ ಪಂಚೆಯನ್ನು ಉದ್ದಕ್ಕೆ ಸುತ್ತಿ ತುದಿಗೆ ದಾರ ಕಟ್ಟಿ, ಅದರ ಮೇಲೆ ಸೀರೆ ಹಾಕಿ. ಗುಂಡುಸೂಜಿ, ಮೊಳೆ, ಸ್ಟೇಪ್ಲರ್ ಹತ್ತಿರವೂ ತರಬೇಡಿ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪನ್ನು ಹಿಂಬದಿಯಿಂದ ಹಾಕಿದರೆ ಕಾಣುವುದೂ ಇಲ್ಲ. ಹೂವನ್ನು ಸೀರೆಗೆ ತಾಗಿಸಿ ಕಟ್ಟಬೇಡಿ, ಚೆಂಡು ಹೂವಿನ ರಸ ತಾಗಿದರೆ ಕಲೆ ಹೋಗುವುದು ಕಷ್ಟ. ಗಳದ ಮುಂದೆ ಅರ್ಧ ಅಡಿ ಬಿಟ್ಟು ಒಂದು ಹಗ್ಗ ಕಟ್ಟಿ, ಹೂವು ಅದಕ್ಕೆ ಇರಲಿ. ಪ್ರತಿ ಸೀರೆಯ ಒಳಗಿನ ಮೂಲೆಗೆ ಯಾರದೆಂದು ಚೀಟಿ ಬರೆದು ದಾರದಲ್ಲಿ ಕಟ್ಟಿಡಿ.

ಕೂರಲು ಬಾಡಿಗೆ ಸೋಫಾ ತರಲಿಲ್ಲ. ಮನೆಯ ದಿವಾನಿನ ಮೇಲೆ ದೊಡ್ಡವ್ವ ಹೊಲಿದ ಕೌದಿ ಹಾಸಿ, ಕೆಳಗೆ ನವಲಗುಂದದ ಜಮಖಾನ ಬಿಡಿಸಿದೆವು. ಫೋಟೊದಲ್ಲಿ ಎಲ್ಲರೂ ಮೊದಲು ಕೇಳುವುದು ಆ ಜಮಖಾನದ ನವಿಲಿನ ಬಗ್ಗೆಯೇ.

ಬೆಳಕು

ಹೂವಿಗಿಂತ ಮೊದಲು ಬೆಳಕಿನ ಕೆಲಸ ಮುಗಿಸಿ. 500 ವಾಟಿನ ಹ್ಯಾಲೊಜನ್ ನಾಲ್ಕು ಹಾಕಿದರೆ 2,000 ವಾಟ್ ಆಯಿತು. ಮನೆಯ 230 ವೋಲ್ಟ್ ಲೈನಿನಲ್ಲಿ ಅದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ 6 ಆಂಪಿಯರ್ ಪ್ಲಗ್ಗಿಗೆ ಅದನ್ನು ಹಾಕಿದರೆ ಬೋರ್ಡೇ ಸುಡಬಹುದು. ಅದರ ಬದಲು 9 ವಾಟಿನ ಎಲ್‌ಇಡಿ ಬಲ್ಬು 20 ತೂಗುಹಾಕಿದರೂ ಆಗುವುದು 180 ವಾಟ್. ಶಾಖವೂ ಕಡಿಮೆ, ಹುಳವೂ ಅಷ್ಟು ಮುತ್ತುವುದಿಲ್ಲ. ಹಳದಿ ಬೆಳಕಿನ ಬಲ್ಬೇ ಕೇಳಿ ತನ್ನಿ. ಬಿಳಿ ಬೆಳಕಲ್ಲಿ ಸೀರೆಯ ಕೆಂಪು ಸತ್ತ ಹಾಗೆ ಕಾಣುತ್ತದೆ.

ಬಲ್ಬಿನ ಸಾಲು ನೆಲದಿಂದ 8 ಅಡಿ ಮೇಲಿರಲಿ. ಮದುಮಕ್ಕಳ ತಲೆಯ ಮೇಲೆ ನೇರವಾಗಿ ದೀಪ ಹಾಕಬೇಡಿ, ಕಣ್ಣಿನ ಕೆಳಗೆ ನೆರಳು ಬಿದ್ದು ಮುಖ ದಣಿದಂತೆ ಕಾಣುತ್ತದೆ. ಎದುರಿಗೆ ಎಡಕ್ಕೊಂದು ಬಲಕ್ಕೊಂದು ಎಲ್‌ಇಡಿ ಫ್ಲಡ್ ದೀಪ ಇಟ್ಟು, ಹತ್ತಿರ ಒಂದೊಂದು ಬಿಳಿ ಪಂಚೆ ಕಟ್ಟಿ, ದೀಪವನ್ನು ಮದುಮಕ್ಕಳ ಕಡೆಗಲ್ಲ, ಆ ಪಂಚೆಯ ಕಡೆ ತಿರುಗಿಸಿ. ಪಂಚೆಯಿಂದ ಮರಳಿ ಬರುವ ಬೆಳಕು ಎಷ್ಟು ಮೆತ್ತಗಿರುತ್ತದೆ ಅಂದರೆ ಮೊಬೈಲಿನಲ್ಲಿ ತೆಗೆದ ಫೋಟೊ ಕೂಡ ಚೆನ್ನಾಗಿ ಬರುತ್ತದೆ.

ವೈರಿನ ಕೆಲಸ ಮಾತ್ರ ಗೊತ್ತಿರುವವರಿಂದಲೇ ಮಾಡಿಸಿ. ಜೋಡಣೆಗಳು ನೆಲದ ಮೇಲೆ ಇರಬಾರದು, ಟೇಪು ಸುತ್ತಿ ಎತ್ತರದಲ್ಲಿ ಕಟ್ಟಿಸಿ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಿರುತ್ತಾರೆ. ಹಿಂದಿನ ರಾತ್ರಿ ಎಲ್ಲಾ ದೀಪ ಹಚ್ಚಿ ಎರಡು ತಾಸು ಬಿಟ್ಟು ನೋಡಿ. ಕರೆಂಟ್ ಹೋಗುವುದು ಇದ್ದದ್ದೇ, ಹಾಗಾಗಿ ಚಾರ್ಜಿನ ದೀಪ ನಾಲ್ಕು, ಕಂಪೌಂಡಿನ ಮೇಲೆ ಹಣತೆ ಒಂದಷ್ಟು ತಯಾರಿರಲಿ.

ಹೂವು, ಎಲೆ

ಹೂವಿಗೆ ಹೋಗುವ ಮೊದಲು ಮನೆಯಲ್ಲಿ ಕಾಲು ಕಿಲೋ ಚೆಂಡು ಹೂವು ತಂದು ಒಂದು ಮೊಳ ಪೋಣಿಸಿ ನೋಡಿ, ಎಷ್ಟು ಹಿಡಿಯಿತು ಅಂತ ಎಣಿಸಿ. ಆಮೇಲೆ ಬಾಗಿಲಿಗೆ ಎಷ್ಟು ಮೊಳ, ಪರದೆಗೆ ಎಷ್ಟು ಮೊಳ ಅಂತ ಗುಣಿಸಿದರೆ ಎಷ್ಟು ಕಿಲೋ ಬೇಕೋ ಗೊತ್ತಾಗುತ್ತದೆ. ಕಟ್ಟಿದ ಮಾಲೆಗಿಂತ ಬಿಡಿ ಹೂವು ಅಗ್ಗ. ಹೂವಿನ ನಡುನಡುವೆ ಮಾವಿನ ಎಲೆ ಮಡಚಿ ಪೋಣಿಸಿದರೆ ಅರ್ಧ ಹೂವು ಉಳಿಯುತ್ತದೆ. ಧಾರವಾಡದ ಸುತ್ತ ಮಾವಿನ ತೋಟಕ್ಕೆ ಬರ ಇಲ್ಲ, ಕೇಳಿ ಕಿತ್ತುಕೊಂಡು ಬನ್ನಿ ಅಷ್ಟೇ. ಹಬ್ಬದ ಹಿಂದುಮುಂದಿನ ದಿನ ಬೇಡ, ರೇಟು ಏರಿರುತ್ತದೆ. ಮಣಿ, ರಿಬ್ಬನ್ನು, ಗೋಟಾಪಟ್ಟಿ ಬೇಕಿದ್ದರೆ ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತ ಒಂದು ಸುತ್ತು ಹಾಕಿದರೆ ಸಾಕು.

ನಮ್ಮಿಂದ ಒಂದು ತಪ್ಪು ಆಯಿತು. ಹಿಂದಿನ ರಾತ್ರಿ ತಂದ ಸೇವಂತಿಗೆಯನ್ನು ಬಾಡದಿರಲಿ ಅಂತ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಇಟ್ಟೆವು. ಬೆಳಿಗ್ಗೆ ಬಿಚ್ಚಿದರೆ ಒಳಗೆ ಬಿಸಿ ಹಬೆ, ಎಸಳೆಲ್ಲ ಕಂದು. ಹೂವನ್ನು ಬುಟ್ಟಿಯಲ್ಲಿ ಹರವಿ, ಮೇಲೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಹೊದಿಸಿ ತಂಪು ಜಾಗದಲ್ಲಿ ಇಡಬೇಕಿತ್ತು. ಚೆಂಡು ಹೂವಿನ ಮಾಲೆಯನ್ನು ಹಿಂದಿನ ದಿನವೇ ಪೋಣಿಸಬಹುದು. ಮಲ್ಲಿಗೆ ಅದೇ ದಿನ ಮಧ್ಯಾಹ್ನದ ಮೇಲೆ ತನ್ನಿ. ಗುಲಾಬಿ ಎಸಳು ಬಿಡಿಸುವುದು ಕೊನೆಯ ಕೆಲಸ.

ಹಾವೇರಿಯಿಂದ ಬಂದ ನಮ್ಮ ಮಾಮಾ ಒಂದು ಜೊತೆ ಏಲಕ್ಕಿ ಮಾಲೆ ತಂದಿದ್ದರು. ಬೆಲೆ ಜಾಸ್ತಿಯೇ, ಆದರೆ ಮದುಮಕ್ಕಳ ಕೊರಳಿಗೆ ಒಂದೇ ಜೊತೆ ಸಾಕಲ್ವಾ? ಅದು ಬಾಡುವುದಿಲ್ಲ. ತಂಗಿಯ ಮನೆಯಲ್ಲಿ ಈಗಲೂ ಗೋಡೆಯ ಮೇಲಿದೆ.

ಆ ದಿನ

ಬೆಳಿಗ್ಗೆಯೇ ನೆಲಕ್ಕೆ ನೀರು ಚಿಮುಕಿಸಿ ಸೆಗಣಿ ಸಾರಿಸಿಬಿಡಿ. ಸಂಜೆಗೆ ಒಣಗಿರುತ್ತದೆ, ಧೂಳೂ ಏಳುವುದಿಲ್ಲ. ಬಾಳೆಕಂಬ ಮಧ್ಯಾಹ್ನ ನಿಲ್ಲಿಸಿ, ಬುಡಕ್ಕೆ ಒದ್ದೆ ಮಣ್ಣು ಒತ್ತಿ. ರಂಗೋಲಿಯನ್ನು ಬಾಗಿಲಿನ ನಟ್ಟನಡುವೆ ಹಾಕಬೇಡಿ, ಹತ್ತು ನಿಮಿಷದಲ್ಲಿ ತುಳಿದು ಹಾಕುತ್ತಾರೆ. ಎರಡೂ ಬಗಲಿಗೆ ಹಾಕಿ, ಪಕ್ಕದಲ್ಲಿ ಹಣತೆ ಇಡಿ.

ಮುಗಿದ ಮೇಲೆ ಸೀರೆ ಮೊದಲು ಇಳಿಸಿ, ಇಬ್ಬನಿ ಬೀಳುವ ತನಕ ಬಿಡಬೇಡಿ. ನೆರಳಲ್ಲಿ ಒಂದು ದಿನ ಗಾಳಿಗೆ ಹರವಿ, ಹಳೇ ಮಡಿಕೆಯ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ಹಳೇ ರೇಷ್ಮೆ ಅದೇ ಗೆರೆಯಲ್ಲಿ ಸೀಳುತ್ತದೆ. ಹೂವಿನಲ್ಲಿರುವ ದಾರ ಬಿಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಚೀಟಿ ನೋಡಿಕೊಂಡು ಅವರವರ ಸೀರೆ ಅವರವರ ಮನೆಗೆ ಕೊಡುವಾಗ ಜೊತೆಗೆ ಒಂದು ಫೋಟೊ ಇಟ್ಟು ಕೊಡಿ. ನಾವು ಹಾಗೆ ಮಾಡಿದೆವು. ಅಜ್ಜಿ ಆ ಫೋಟೊವನ್ನು ಸೀರೆಯ ಮಡಿಕೆಯೊಳಗೇ ಇಟ್ಟು ಪೆಟ್ಟಿಗೆ ಮುಚ್ಚಿದರು.