ಹಿಮ್ಮಡಿಯ ಚರ್ಮ ಸುಕ್ಕಾಗುವ ತನಕ

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆ ಅಡಿಕೆ ಮರದಿಂದ ಜಾರಿ ಬಿದ್ದವರು ಬರತೊಡಗುತ್ತಾರೆ. ಕೊಳೆ ರೋಗದ ಔಷಧಿ ಹೊಡೆಯಲು ಪಾಚಿಗಟ್ಟಿದ ಮರ ಹತ್ತಿದವರು. ಕಾಲೂರಿಕೊಂಡು ಬಿದ್ದರೆ ಮೇಲಿನ ಟೇಲಸ್ ಮೂಳೆ ಬೆಣೆಯಂತೆ ಇಳಿದು ಹಿಮ್ಮಡಿ ಮೂಳೆಯನ್ನು ಸೀಳುತ್ತದೆ. ಇಂಥವರಿಗೆ ಬೆನ್ನಿನ ಎಕ್ಸ್‌ರೇಯನ್ನೂ ನಾನು ತಪ್ಪದೆ ಮಾಡಿಸುತ್ತೇನೆ. ಕಾಲಿನ ನೋವಿನ ಗಲಾಟೆಯಲ್ಲಿ ಸೊಂಟದ ಮಣಿ ಕುಸಿದದ್ದು ಅವರಿಗೇ ಗೊತ್ತಿರುವುದಿಲ್ಲ.

ಶುರುವಿನ ದಿನಗಳಲ್ಲಿ ಒಬ್ಬರಿಗೆ ಬಿದ್ದ ನಾಲ್ಕನೇ ದಿನವೇ ಆಪರೇಷನ್ ಮಾಡಿಬಿಟ್ಟೆ. 'ಎಲ್' ಆಕಾರದ ದೊಡ್ಡ ಕೊಯ್ತ, ಉದ್ದದ ಪ್ಲೇಟು. ಹಿಮ್ಮಡಿ ಮೂಳೆ ಎಷ್ಟು ಕುಸಿದಿದೆಯೆಂದು ಎಕ್ಸ್‌ರೇಯಲ್ಲಿ ಅಳೆಯುವ ಬೋಲರ್ ಕೋನ 20ರಿಂದ 40 ಡಿಗ್ರಿ ಇರಬೇಕು; ಇವರದ್ದು 5ಕ್ಕೆ ಇಳಿದಿತ್ತು, 28ಕ್ಕೆ ತಂದೆ. ಎಕ್ಸ್‌ರೇ ನೋಡಿ ಬೀಗಿದ್ದೇ ಬಂತು. ಹತ್ತನೇ ದಿನ ಡ್ರೆಸ್ಸಿಂಗ್ ಬಿಚ್ಚಿದರೆ ಕೊಯ್ತದ ಮೂಲೆ ಇದ್ದಿಲಿನಂತೆ ಕಪ್ಪಗಾಗಿತ್ತು. ಆಸಾಮಿ ಬೀಡಿ ಬಿಟ್ಟಿರಲಿಲ್ಲ, ನಿಜ. ಆದರೆ ಊತ ಇಳಿಯುವ ಮೊದಲೇ ಕತ್ತಿ ಹಿಡಿದವನು ನಾನು. ಕೊನೆಗೆ ಪ್ಲೇಟು ತೆಗೆಯಬೇಕಾಯಿತು.

ಈಗ ಕಾಯುತ್ತೇನೆ. ಕಾಲು ದಿಂಬಿನ ಮೇಲೆ, ಪಟ್ಟಿ, ಐಸು. ದಿನಾ ಬೆಳಿಗ್ಗೆ ಪಾದವನ್ನು ಮೇಲಕ್ಕೆ ಮಡಿಸಿ ಹೊರಮಗ್ಗುಲಿನ ಚರ್ಮ ನೋಡುತ್ತೇನೆ. ಸಣ್ಣ ಸುಕ್ಕು ಕಂಡಿತೋ, ಊತ ಇಳಿಯಿತೆಂದೇ ಲೆಕ್ಕ; ಆಪರೇಷನ್ ಥಿಯೇಟರಿಗೆ. ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ಮೂರು ವಾರ ದಾಟಿದರೆ ಚೂರುಗಳು ಅಂಟಿಕೊಂಡು ಸತಾಯಿಸುತ್ತವೆ. ಮನೆಯವರಿಗೆ ಸಿಟ್ಟು: "ಮೂಳೆ ಮುರ್ದವ್ನನ್ನ ಸುಮ್ನೆ ಮಲಗ್ಸಿದೀರಲ್ಲ ಡಾಕ್ಟ್ರೇ?"

ಕಳೆದ ಮಳೆಗಾಲ ಬಂದ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡರೊಬ್ಬರ ಸಿಟಿ ಸ್ಕ್ಯಾನ್‌ನಲ್ಲಿ ಕೀಲಿನ ಮೇಲ್ಮೈ ಎರಡು ಹೋಳಾಗಿತ್ತು. ಮಗ್ಗುಲಾಗಿ ಮಲಗಿಸಿ, ಕಾಲ್ಗಿಣ್ಣಿನ ಹೊರಗಂಟಿನ ಕೆಳಗೆ ನಾಲ್ಕು ಸೆಂಟಿಮೀಟರ್ ಕೊಯ್ದೆ, ಅಷ್ಟೇ. ಹಿಮ್ಮಡಿಗೆ ಮೂಳೆ ಹಿಡಿದೆಳೆಯುವ ದಪ್ಪ ಶಾಂಜ್ ಪಿನ್ ಚುಚ್ಚಿ, ಅಸಿಸ್ಟೆಂಟು ಹಿಂದಕ್ಕೂ ಕೆಳಕ್ಕೂ ಜಗ್ಗಿ ಹಿಡಿದರು. ಹೂತ ಹೋಳಿನ ಅಡಿಗೆ ಎಲಿವೇಟರ್ ಎಂಬ ಚಪ್ಪಟೆ ಮೀಟುಗೋಲು ತೂರಿಸಿ ಮೆಲ್ಲಗೆ ಮೀಟಿದೆ. ಕೆಸರಿನಿಂದ ಚಪ್ಪಡಿ ಎದ್ದ ಹಾಗೆ ಎದ್ದಿತು. ಒಳಮಗ್ಗುಲಿನ ತುಂಡು ಅಸ್ಥಿರಜ್ಜುವಿನ ಹಿಡಿತದಲ್ಲಿ ಸಾಮಾನ್ಯವಾಗಿ ಕದಲುವುದಿಲ್ಲ. ಅದೇ ನಮ್ಮ ಗೂಟ. ಎದ್ದ ಹೋಳನ್ನು ಎರಡು ಸ್ಕ್ರೂ ಹಾಕಿ ಅದಕ್ಕೆ ಬಿಗಿದೆ. ಹಿಮ್ಮಡಿ ಒಳಕ್ಕೆ ವಾಲಿಲ್ಲವೆಂದು ಥಿಯೇಟರಿನ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ನಲ್ಲಿ ಖಾತ್ರಿಯಾದ ಮೇಲೆಯೇ ಹೊಲಿಗೆ.

ಹತ್ತು ವಾರ ಕಾಲೂರುವಂತಿಲ್ಲ ಎಂದದ್ದನ್ನು ಅವರು ಹಾಗೇ ಪಾಲಿಸಿದರು. ಐದನೇ ತಿಂಗಳು ನಡೆದುಕೊಂಡೇ ಬಂದರು; ತೋಟದ ಏರುತಗ್ಗಿನಲ್ಲಿ ಮಾತ್ರ ನೋವಂತೆ. ಕೀಲಿನ ಮೇಲ್ಮೈ ಒಡೆದದ್ದಲ್ಲವೇ, ಅಷ್ಟು ಉಳಿಯಬಹುದು ಎಂದೆ.

"ಮರ ಹತ್ಬಹುದಾ?"

ಬೇಡ ಎಂದೆ. ಮಗ ನೆಲದಲ್ಲೇ ನಿಂತು ಬಳಸುವ ಉದ್ದದ ಫೈಬರ್ ದೋಟಿ ತಂದಿದ್ದಾನೆ, ಮೇಲೆ ನೋಡಿ ನೋಡಿ ಬಂದ ಕುತ್ತಿಗೆ ನೋವಿಗೊಂದು ಮಾತ್ರೆ ಬರ್ದುಕೊಡಿ ಎಂದರು.