ನಲ್ಲಿ ತೊಟ್ಟಿಕ್ಕುತ್ತಿದೆಯೇ? ಸ್ಪಿಂಡಲ್ ಬದಲಿಸಿದರೆ ಸಾಕು

ಪೂರ್ತಿ ತಿರುಗಿಸಿದರೂ ಹನಿ ನಿಲ್ಲದಿದ್ದರೆ ಹೊಸ ನಲ್ಲಿ ತರಲು ಓಡಬೇಡಿ. ಹೆಚ್ಚಿನ ಸಲ ಒಳಗಿನ ಸ್ಪಿಂಡಲ್, ಅಂದರೆ ಹಿಡಿಯ ಜೊತೆ ತಿರುಗಿ ನೀರು ಬಿಡುವ, ತಡೆಯುವ ಭಾಗ, ಸವೆದಿರುತ್ತದೆ, ಅಷ್ಟೇ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಬೇಗ: ಮರಳಿನ ಕಣ ಮತ್ತು ಗಡಸು ನೀರಿನ ಬಿಳಿ ಪದರ ಸೇರಿ ಒಳಗಿನ ವಾಷರನ್ನೋ ಸೆರಾಮಿಕ್ ಬಿಲ್ಲೆಯನ್ನೋ ಹಾಳುಮಾಡುತ್ತವೆ.

ಮೊದಲು ನಲ್ಲಿಗೆ ಬರುವ ನೀರನ್ನು ತಡೆಯುವ ಗೇಟ್ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ಹಿಡಿಯ ಮೇಲಿನ ಬಿಲ್ಲೆ ಎಬ್ಬಿಸಿದರೆ ಸ್ಕ್ರೂ ಕಾಣುತ್ತದೆ. ಅದನ್ನು ಬಿಚ್ಚಿ ಹಿಡಿ ಎಳೆದು, ಸ್ಪ್ಯಾನರ್‌ನಿಂದ ಸ್ಪಿಂಡಲನ್ನು ಎಡಕ್ಕೆ ತಿರುಗಿಸಿ ತೆಗೆಯಿರಿ. ಪಾನಾಕ್ಕೆ ಬಟ್ಟೆ ಸುತ್ತಿದರೆ ಕ್ರೋಮ್ ಗೀರುವುದಿಲ್ಲ.

ನಾಲ್ಕೈದು ಸುತ್ತು ತಿರುಗುವ ಹಳೆಯ ನಲ್ಲಿಯಾದರೆ ತುದಿಯ ರಬ್ಬರ್ ವಾಷರ್ ಮಾತ್ರ ಬದಲಿಸಿ. ಕಾಲು ಸುತ್ತಿನದ್ದಾದರೆ ಇಡೀ ಸ್ಪಿಂಡಲ್ ಬದಲಿಸಬೇಕು. ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಎಲ್ಲವೂ ‘ಅರ್ಧ ಇಂಚು’ ಎಂದೇ ಮಾರಾಟವಾದರೂ ತಲೆಯ ಹಲ್ಲುಗಳ ಸಂಖ್ಯೆ, ಉದ್ದ ಬೇರೆ ಬೇರೆ. ಹಲ್ಲು ಹೊಂದದಿದ್ದರೆ ಹಿಡಿ ಸುಮ್ಮನೆ ಸುತ್ತುತ್ತದೆ.

ಹೊಸದನ್ನು ಕೂರಿಸುವ ಮೊದಲು ವಾಲ್ವನ್ನು ಎರಡು ಕ್ಷಣ ತೆರೆದು ಕಸ ಹೊರಹಾಕಿ. ಇದನ್ನು ಬಿಟ್ಟರೆ ಹೊಸ ಸ್ಪಿಂಡಲ್ಲೂ ಗೀರುಬೀಳುತ್ತದೆ. ನಲ್ಲಿಯೊಳಗೆ ವಾಷರ್ ಕೂರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ಮಾತ್ರ ನಲ್ಲಿಯನ್ನೇ ಬದಲಿಸುವುದು ಸರಿ.

ಆಗ ಸೋರಿಕೆ ತಡೆಯುವ ಟೆಫ್ಲಾನ್ ಟೇಪನ್ನು, ಹೊಸ ನಲ್ಲಿಯ ಥ್ರೆಡ್ ಇರುವ ತುದಿ ನಿಮ್ಮ ಕಡೆಗಿಟ್ಟು, ಆ ಥ್ರೆಡ್ ಮೇಲೆ ಗಡಿಯಾರದ ದಿಕ್ಕಿನಲ್ಲೇ ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ಕೂರಿಸುವಾಗ ಬಿಚ್ಚಿಕೊಳ್ಳುತ್ತದೆ. ಅತಿಯಾಗಿ ಬಿಗಿದರೆ ಗೋಡೆಯೊಳಗಿನ ಎಲ್ಬೋ (ಪೈಪಿನ ಬಾಗಿದ ಜೋಡಣೆ) ಬಿರುಕುಬಿಟ್ಟು ಟೈಲ್ಸ್ ಒಡೆಯಬೇಕಾದೀತು.