ಟ್ರ್ಯಾಕ್ಟರ್ ಪರದೆಯಲ್ಲಿ ಕೋಡ್ ಬಂದರೆ: ಸೆನ್ಸರ್ ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ

ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ದ್ರಾಕ್ಷಿಗೆ ಔಷಧ ಸಿಂಪಡಣೆ ಬಿರುಸಾಗುವ ಹೊತ್ತಿಗೆ, ಪುಣೆ ಜಿಲ್ಲೆಯ ನಾರಾಯಣಗಾಂವ್, ಜುನ್ನರ್ ಭಾಗದ ತೋಟಗಳಲ್ಲಿ ದುಡಿಯುವ ನಮ್ಮ ವಿಜಯಪುರ, ಕಲಬುರಗಿ ಕಡೆಯ ಚಾಲಕರಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ: ದೀಪ ಹತ್ತಿದೆ, ಪರದೆಯಲ್ಲಿ ಅಂಕಿ ಮೂಡಿದೆ, ಸೆನ್ಸರ್ ಬದಲಿಸಿದರೂ ಹೋಗುತ್ತಿಲ್ಲ. ಕೋಡ್‌ನ ವಿವರಣೆಯಲ್ಲಿ ಸೆನ್ಸರ್‌ನ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಕಿತ್ತೆಸೆಯುವವರೇ ಹೆಚ್ಚು. ಆದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತನ್ನ ಪಿನ್ನಿಗೆ ಬಂದ ವೋಲ್ಟೇಜನ್ನು ಮಾತ್ರ ನೋಡಬಲ್ಲದು; ದೋಷ ಸೆನ್ಸರ್‌ನಲ್ಲಿದೆಯೋ, ತಂತಿಯಲ್ಲಿದೆಯೋ, ಕನೆಕ್ಟರ್‌ನಲ್ಲಿದೆಯೋ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ನಿಮ್ಮ ಯಂತ್ರ ಯಾವ ಬಗೆಯದು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. 50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ 2023ರ ಜನವರಿ 1ರಿಂದ ಜಾರಿಯಾದ ಮೇಲೆ ಕಾಮನ್ ರೈಲ್ ಎಂಜಿನ್ನೂ (ಹೆಚ್ಚು ಒತ್ತಡದ ಡೀಸೆಲ್ ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗಳಿಗೆ ಹೋಗುವ ಬಗೆ) ಇಸಿಯುವೂ ಸಾಮಾನ್ಯವಾದವು. ಅದಕ್ಕಿಂತ ಚಿಕ್ಕ ತೋಟದ ಟ್ರ್ಯಾಕ್ಟರ್‌ಗಳಲ್ಲಿ ಇಂದಿಗೂ ಹಲವು ಮೆಕ್ಯಾನಿಕಲ್ ಪಂಪಿನವು. ಅಂಥವುಗಳಲ್ಲಿ ಆಯಿಲ್ ದೀಪ ಹತ್ತಿದರೆ ಅದು ಬರೀ ಒಂದು ಸ್ವಿಚ್ಚಿನ ಕೆಲಸ, ಅಲ್ಲಿ ಓದಲು ಯಾವ ಕೋಡೂ ಇರುವುದಿಲ್ಲ. ಮುಂದಿನ ಮಾತುಗಳು ಇಸಿಯು ಇರುವ ಟ್ರ್ಯಾಕ್ಟರ್‌ಗಳಿಗೆ ಅನ್ವಯಿಸುತ್ತವೆ.

ಹಂತ 1: ಬರೆದುಕೊಳ್ಳಿ

ಕೋಡ್ ಅಳಿಸುವ ಮೊದಲು ಪರದೆಯ ಫೋಟೊ ತೆಗೆದುಕೊಳ್ಳಿ. ಈಗ ಸಕ್ರಿಯವಾಗಿರುವುದು ಯಾವುದು, ಹಳೆಯದಾಗಿ ಉಳಿದಿರುವುದು ಯಾವುದು ಎಂಬುದೂ ಅದರಲ್ಲಿ ಇರಲಿ.

ಹಂತ 2: ಬ್ಯಾಟರಿ ಮತ್ತು ಅರ್ಥ್

ನಿಂತ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 14ರ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಜಾರಿದರೆ ಸಂಬಂಧವಿಲ್ಲದ ಕೋಡ್‌ಗಳೆಲ್ಲ ಸಾಲುಗಟ್ಟಿ ಬರುತ್ತವೆ. ಅಲ್ಲಿಗೆ ಉಳಿದ ಪರೀಕ್ಷೆ ನಿಲ್ಲಿಸಿ ಬ್ಯಾಟರಿಯನ್ನೇ ಸರಿಪಡಿಸಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಕೇಬಲ್ ಕಳಚಿ ಡೈನಮೋ ಪರೀಕ್ಷಿಸುವ ಹಳೆಯ ರೂಢಿಯನ್ನು ಇಸಿಯು ಇರುವ ಯಂತ್ರದ ಮೇಲೆ ಎಂದೂ ಪ್ರಯೋಗಿಸಬೇಡಿ. ಹಾಗೆಯೇ ಟ್ರಾಲಿ ಕೊಕ್ಕೆಗೋ ಮಡ್‌ಗಾರ್ಡಿಗೋ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಕಳಚಲೇಬೇಕು.

ಹಂತ 3: ಕೋಡನ್ನು ಎರಡಾಗಿ ಓದಿ

ಹೆಚ್ಚಿನ ಟ್ರ್ಯಾಕ್ಟರ್‌ಗಳು ಅನುಸರಿಸುವ ಜೆ1939 ಪದ್ಧತಿಯಲ್ಲಿ ಕೋಡ್ ಎರಡು ಸಂಖ್ಯೆಗಳ ಜೋಡಿ. ಎಸ್‌ಪಿಎನ್ ಎಂಬ ಮೊದಲನೆಯದು ಯಾವ ಸರ್ಕ್ಯೂಟ್ ಎಂದು ಹೇಳುತ್ತದೆ: 110 ಎಂದರೆ ಕೂಲಂಟ್ ತಾಪ, 100 ಎಂದರೆ ಆಯಿಲ್ ಒತ್ತಡ, 157 ಎಂದರೆ ಇಂಧನ ರೈಲ್ ಒತ್ತಡ. ಎಫ್‌ಎಂಐ ಎಂಬ ಎರಡನೆಯದು ದೋಷದ ಬಗೆ. ಜನ ಮೊದಲನೆಯದನ್ನು ಮಾತ್ರ ಓದಿ ಅಂಗಡಿಗೆ ಓಡುತ್ತಾರೆ; ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. 0 ಅಥವಾ 1 ಇದ್ದರೆ ಸೆನ್ಸರ್ ಸರಿಯಾಗಿಯೇ ಹೇಳುತ್ತಿದೆ, ತಾಪವೋ ಒತ್ತಡವೋ ನಿಜವಾಗಿಯೂ ಮಿತಿ ಮೀರಿದೆ ಅಥವಾ ಕುಸಿದಿದೆ ಎಂದು ಹಿಡಿಯಬೇಕು. 100ರ ಜೊತೆ 1 ಕಂಡರೆ ಎಂಜಿನ್ ತಕ್ಷಣ ನಿಲ್ಲಿಸಿ, ಬೇರೆ ಪ್ರೆಶರ್ ಗೇಜ್ ಹಾಕುವವರೆಗೆ ಮತ್ತೆ ಚಾಲೂ ಮಾಡಬಾರದು. 3 ಎಂದರೆ ವೋಲ್ಟೇಜ್ ಮೇಲೆ ನಿಂತಿದೆ, 4 ಎಂದರೆ ಕೆಳಗೆ ಬಿದ್ದಿದೆ, 5 ಎಂದರೆ ಸರ್ಕ್ಯೂಟ್ ತುಂಡಾಗಿದೆ. ಕೆಲವು ಯಂತ್ರಗಳು ಪಿ0117, ಪಿ0118 ಎಂಬಂತೆ ಕಾರಿನ ಮಾದರಿಯ ಕೋಡ್ ತೋರಿಸುತ್ತವೆ. ಕೂಲಂಟ್ ಸೆನ್ಸರ್‌ಗೆ ಅವು ಕ್ರಮವಾಗಿ ಇದೇ 4 ಮತ್ತು 3.

ಕಾರಿಗೆಂದು ಮಾರುವ, ಕೋಡ್ ಓದುವ ಅಗ್ಗದ ಬ್ಲೂಟೂತ್ ಡಾಂಗಲ್ ಕೊಂಡು ಹಣ ಕಳೆದುಕೊಳ್ಳಬೇಡಿ. ಟ್ರ್ಯಾಕ್ಟರ್‌ನ ಒಂಬತ್ತು ಪಿನ್ನಿನ ದುಂಡು ಸಾಕೆಟ್‌ಗೆ ಅದು ಕೂರುವುದೇ ಇಲ್ಲ. ಅಡಾಪ್ಟರ್ ಹಾಕಿ ಕೂರಿಸಿದರೂ ನಕಲಿ ಡಾಂಗಲ್‌ಗಳಲ್ಲಿ ಬಹುಪಾಲಿಗೆ ಈ ಜೆ1939 ಭಾಷೆ ಬರುವುದಿಲ್ಲ. ಅದೇ ದುಡ್ಡಿಗೆ ಪುಣೆಯ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಒಳ್ಳೆಯ ಡಿಜಿಟಲ್ ಮಲ್ಟಿಮೀಟರ್ ಮತ್ತು ಸೂಜಿಮೊನೆಯ ಪ್ರೋಬ್ ಕೊಳ್ಳಿ.

ಹಂತ 4: ಪ್ಲಗ್ ಬಿಚ್ಚಿ ನೋಡುವ ಪರೀಕ್ಷೆ

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಬೇಕು. ಎರಡು ತಂತಿಯ ಕೂಲಂಟ್ ಸೆನ್ಸರ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಸಿಯು ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಸೆನ್ಸರ್ ಬಿಸಿಯಾದಷ್ಟೂ ಅದರ ಓಮ್ ಇಳಿದು ಆ ವೋಲ್ಟೇಜನ್ನು ಅರ್ಥ್ ಕಡೆಗೆ ಎಳೆಯುತ್ತದೆ. ಆದ್ದರಿಂದ ತಂತಿ ಕಡಿದರೆ ವೋಲ್ಟೇಜ್ 5ಕ್ಕೆ ಏರಿ 3 ಬರುತ್ತದೆ, ತಂತಿ ಚಾಸಿಗೆ ತಾಗಿದರೆ ಸೊನ್ನೆಗೆ ಬಿದ್ದು 4 ಬರುತ್ತದೆ.

ಪರದೆಯಲ್ಲಿ 4 ಇದ್ದರೆ ಕೀ ಆಫ್ ಮಾಡಿ, ಸೆನ್ಸರ್‌ನ ಪ್ಲಗ್ ಬಿಚ್ಚಿ, ಮತ್ತೆ ಕೀ ಆನ್ ಮಾಡಿ. ಕೋಡ್ 3ಕ್ಕೆ ತಿರುಗಿದರೆ ತಂತಿಯೂ ಇಸಿಯುವೂ ನೆಟ್ಟಗಿವೆ, ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಈಗ ಧೈರ್ಯವಾಗಿ ಹೊಸದನ್ನು ಕೊಳ್ಳಬಹುದು. 4 ಕದಲದೆ ನಿಂತರೆ ತಂತಿ ಎಲ್ಲೋ ಸಿಪ್ಪೆ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ. ಮೊದಲೇ 3 ಇದ್ದಲ್ಲಿ, ಬಿಚ್ಚಿದ ಪ್ಲಗ್‌ನ ಎರಡು ಪಿನ್‌ಗಳನ್ನು ತೆಳುವಾದ ತಂತಿಯಿಂದ ಕೂಡಿಸಿ. ಅದು 4ಕ್ಕೆ ತಿರುಗಿದರೆ ದೋಷ ಸೆನ್ಸರ್‌ನದು ಅಥವಾ ಪಿನ್ ಹಿಡಿತದ್ದು. ತಿರುಗದಿದ್ದರೆ ತಂತಿ ತುಂಡಾಗಿದೆ. ಬಿಚ್ಚಿದ ಸೆನ್ಸರ್‌ನ ಓಮ್ ಕೂಡ ಅಳೆಯಿರಿ: ತಣ್ಣಗಿರುವಾಗ ಸಾಮಾನ್ಯವಾಗಿ ಎರಡು ಮೂರು ಸಾವಿರ, ಎಂಜಿನ್ ಕಾದಾಗ ಕೆಲವು ನೂರು ಮಾತ್ರ.

ಮೂರು ತಂತಿಯ ಒತ್ತಡ ಸೆನ್ಸರ್‌ಗೆ ಈ ಪಿನ್ ಕೂಡಿಸುವ ಉಪಾಯ ಬೇಡವೇ ಬೇಡ. 5 ವೋಲ್ಟ್ ಸಪ್ಲೈ ನೇರವಾಗಿ ಅರ್ಥ್‌ಗೆ ತಾಗಿ ಇನ್ನಷ್ಟು ಕೋಡ್ ಬರುತ್ತವೆ. ಅಲ್ಲಿ ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ, ಸಪ್ಲೈ ಮತ್ತು ಅರ್ಥ್ ಪಿನ್‌ಗಳ ನಡುವೆ 5 ವೋಲ್ಟ್ ಇದೆಯೇ ಎಂದು ಮಾತ್ರ ನೋಡಬೇಕು. ನಾಲ್ಕೈದು ಸೆನ್ಸರ್‌ಗಳ ಕೋಡ್ ಒಟ್ಟಿಗೇ ಬಂದಿದ್ದರೆ ಅವೆಲ್ಲ ಒಂದೇ 5 ವೋಲ್ಟ್ ಸಪ್ಲೈ ಹಂಚಿಕೊಂಡಿರುವ ಸಂಭವ ಹೆಚ್ಚು. ಆ ಸಪ್ಲೈ ಮೇಲೆ ಮೀಟರ್ ಇಟ್ಟು ಒಂದೊಂದೇ ಸೆನ್ಸರ್ ಬಿಚ್ಚುತ್ತಾ ಹೋದರೆ, ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಅದೇ ಕಳ್ಳ.

ಇನ್ನು ಕನೆಕ್ಟರ್. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿ, ಸಂಜೆ ಪ್ರೆಶರ್ ಪಂಪಿನಿಂದ ಎಂಜಿನ್ ಮೇಲೆಲ್ಲ ನೀರು ಹೊಡೆಯುವ ತೋಟಗಳಲ್ಲಿ, ಪ್ಲಗ್ ಬಿಚ್ಚಿದರೆ ರಬ್ಬರ್ ಸೀಲ್ ಒಂದು ಕಡೆ ಮಡಚಿಕೊಂಡಿರುತ್ತದೆ, ಪಿನ್ನಿನ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ. ಅದನ್ನು ಬ್ಲೇಡಿನಿಂದ ಕೆರೆಯಬೇಡಿ. ನಟ್ ಸಡಿಲಿಸುವ ತುಕ್ಕಿನ ಸ್ಪ್ರೇ ಕೂಡ ಇಲ್ಲಿಗೆ ಅಲ್ಲ. ಅದರ ಎಣ್ಣೆಗೆ ಧೂಳು ಅಂಟಿ ಸ್ಥಿತಿ ಕೆಡುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೃದು ಬ್ರಷ್ ಆಡಿಸಿ, ಪೂರ್ತಿ ಒಣಗಿಸಿ. ಮೀಟರ್‌ನ ದಪ್ಪ ಮೊನೆಯನ್ನು ಹೆಣ್ಣು ಪಿನ್ನಿಗೆ ತುರುಕಿದರೆ ಅದು ಅಗಲವಾಗಿ ಹೊಸ ದೋಷವೊಂದು ಹುಟ್ಟುತ್ತದೆ. ಪ್ಲಗ್‌ನ ಹಿಂಬದಿಯಿಂದ ಸೂಜಿಮೊನೆ ಇಳಿಸಿ ಅಳೆಯುವುದೇ ಸರಿ. ತಂತಿಗೆ ಸೂಜಿ ಚುಚ್ಚಿ ಅಳೆಯುವ ಅಡ್ಡದಾರಿಯಿಂದ ಆ ತೂತಿನೊಳಗೆ ನೀರಿಳಿದು, ಹೊರಗೆ ಏನೂ ಕಾಣದೆ, ಒಳಗಿನ ತಾಮ್ರ ಪುಡಿಯಾಗುತ್ತದೆ. ಇಲಿ ಕಡಿದ ತಂತಿ ಕೂಡಿಸಿದ ಮೇಲೆ ಬರೀ ಟೇಪ್ ಸುತ್ತಿದರೆ ಎಂಜಿನ್ ಶಾಖಕ್ಕೆ ಅಂಟು ಕರಗಿ ಜಾರುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ.

ಹಂತ 5: ಸಂಪರ್ಕ ಕಡಿದ ಕೋಡ್

ಮಾಡ್ಯೂಲ್‌ಗಳ (ಇಸಿಯು, ಪರದೆಯಂಥ ಎಲೆಕ್ಟ್ರಾನಿಕ್ ಘಟಕಗಳ) ನಡುವೆ ಮಾತು ನಿಂತಿದೆ ಎಂಬ ಕೋಡ್ ಇದ್ದರೆ, ಬ್ಯಾಟರಿ ಕಳಚಿ, ಒಂಬತ್ತು ಪಿನ್ನಿನ ಸಾಕೆಟ್‌ನ ಸಿ ಮತ್ತು ಡಿ ಪಿನ್‌ಗಳ ನಡುವೆ ಓಮ್ ಅಳೆಯಿರಿ. 60 ಬಂದರೆ ಸರಿ. 120 ಬಂದರೆ ಒಂದು ತುದಿಯ ರೆಸಿಸ್ಟರ್ ಅಥವಾ ಅಲ್ಲಿಗೆ ಹೋಗುವ ತಂತಿ ಕೈಕೊಟ್ಟಿದೆ, ಸೊನ್ನೆಯ ಹತ್ತಿರ ಬಂದರೆ ಎರಡೂ ತಂತಿ ಒಂದಕ್ಕೊಂದು ತಾಗಿವೆ.

ಹಂತ 6: ಅಳಿಸಿ, ದುಡಿಸಿ, ಮತ್ತೆ ನೋಡಿ

ಕೋಡ್ ಅಳಿಸಿ, ಎಂಜಿನ್ ಪೂರ್ತಿ ಕಾಯುವವರೆಗೆ ಪಿಟಿಒ (ಎಂಜಿನ್ ಬಲದಿಂದ ಉಪಕರಣ ತಿರುಗಿಸುವ ಶಾಫ್ಟ್) ಮೇಲೆ ಸ್ಪ್ರೇಯರ್ ಹಾಕಿ ಓಡಿಸಿ, ವೈರಿಂಗ್ ಕಟ್ಟನ್ನು ಅಲ್ಲಲ್ಲಿ ಕೈಯಿಂದ ಅಲುಗಾಡಿಸಿ. ಫ್ಯಾನ್ ಬೆಲ್ಟ್ ಮತ್ತು ಪಿಟಿಒ ಶಾಫ್ಟ್ ಹತ್ತಿರ ಕೈ ಒಯ್ಯಬಾರದು. 157ರ ಕೋಡ್ ಮಾತ್ರ ತಂತಿ ಸರಿಯಿದ್ದೂ ಮರಳಿ ಬಂದರೆ ರೈಲ್‌ನ ಪೈಪ್ ನಟ್ ಸಡಿಲಿಸಿ ನೋಡುವ ಗೊಡವೆ ಬೇಡ. ಓಡುವ ಎಂಜಿನ್ನಿನಲ್ಲಿ ಅಲ್ಲಿರುವ ಒತ್ತಡ ಸಾವಿರ ಬಾರ್‌ಗೂ ಮೀರಬಲ್ಲದು, ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ. ಬರೆದಿಟ್ಟ ಅಳತೆಗಳನ್ನು ಕೈಗೆ ಕೊಟ್ಟು ಅದನ್ನು ಕಂಪನಿಯ ಸರ್ವಿಸ್‌ನವರಿಂದಲೇ ಮಾಡಿಸಿ.